ಹತ್ತೆಣಿಕೆಯಕ್ಕನ ಕೈ

ಗಾಳಿಯಿಲ್ಲದ ಬೆಳಗು. ತೆಳ್ಳನೆಯ ಮೋಡ ಆಕಾಶದ ತುಂಬ ಹರಡಿಕೊಂಡಿದೆ. ಬಿಸಿಲು ಬರಲೋ ಬೇಡವೋ ಎಂದು ಅನುಮಾನಿಸುತ್ತಿದೆ. ಟೊಮೆಟೊ ಸಾಲುಗಳ ಮೇಲಿನ ಇಬ್ಬನಿ ಆಗಲೇ ಆರಿದೆ. ಎಲೆ ಕತ್ತರಿಸಲು ಇದಕ್ಕಿಂತ ಒಳ್ಳೆಯ ಹೊತ್ತನ್ನು ಭಗವಂತನೂ ಕೊಡಲಾರ. ಆದರೆ ಎಲೆ ಕತ್ತರಿಸುವಾಕೆ ಬದುವಿನ ಮೇಲೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಾರೆ. ಒಂಬತ್ತು ಗಂಟೆಗೆ ಟ್ರ್ಯಾಕ್ಟರ್ ಬರಲಿದೆ. ಗಿಡಗಳನ್ನೆಲ್ಲ ಬುಡಸಮೇತ ಕಿತ್ತು ಸುಡಬೇಕೆಂದು ಆದೇಶವಾಗಿದೆ.

ಸಂಶೋಧನಾ ಕೇಂದ್ರದಲ್ಲಿ ಎಲ್ಲರೂ ಇವರನ್ನು ಕರೆಯುವುದು ಹತ್ತೆಣಿಕೆಯಕ್ಕ ಎಂದೇ. ಗಿಡದಿಂದ ಬೇರಾದ ಕ್ಷಣದಿಂದಲೇ ಎಲೆ ಒಳಗೊಳಗೇ ಬದಲಾಗತೊಡಗುತ್ತದೆ. ಹತ್ತು ಎಣಿಸುವುದರೊಳಗೆ ಕ್ಷಣದಲ್ಲಿ ಹೆಪ್ಪುಗಟ್ಟಿಸುವಷ್ಟು ತಣ್ಣನೆಯ, ಹೊಗೆಯಾಡುವ ದ್ರವಸಾರಜನಕದಲ್ಲಿ ಅದನ್ನು ಅದ್ದಿದರೆ ಎಲ್ಲವೂ ಇದ್ದಲ್ಲೇ ನಿಲ್ಲುತ್ತದೆ. ಆಮೇಲೆ ಒಳಗಿನ ಕೋಣೆಯ ಯಂತ್ರ ಆ ಎಲೆಯಲ್ಲಿರುವ ಸಕ್ಕರೆ, ಹುಳಿ, ಘಮ, ಗಿಡಕ್ಕೆ ನೋವಾದಾಗ ಹುಟ್ಟುವ ರಸ, ಹೀಗೆ ನೂರಾರು ಸಣ್ಣ ವಸ್ತುಗಳನ್ನು ಒಂದೊಂದಾಗಿ ಓದುತ್ತದೆ. ಯಾವ ತಳಿ ಬಿಸಿಲನ್ನು ತಡೆದೀತು, ಯಾವುದರ ಹಣ್ಣು ರುಚಿಯಾದೀತು ಎಂದು ಮೊದಲೇ ಅಂದಾಜು ಮಾಡುವ ವಿದ್ಯೆ ಅದು.

ಇಪ್ಪತ್ತನಾಲ್ಕು ತಳಿ, ತಳಿಗೆ ಹತ್ತು ಗಿಡ. ಸೂರ್ಯ ಏರುವ ಮೊದಲು ಇನ್ನೂರನಲವತ್ತು ಎಲೆ. ಕೇಂದ್ರಕ್ಕೆ ಬಂದು ಒಂಬತ್ತು ವರ್ಷ, ಮೂರು ವರ್ಷದಿಂದ ಇದೇ ಕೆಲಸ. ಆ ಹೊಗೆಯ ಚಳಿಗೆ ಬಲಗೈಯ ಎರಡು ಬೆರಳುಗಳ ತುದಿ ಮರಗಟ್ಟಿ, ಈಗ ಬಿಸಿ ಲೋಟ ಹಿಡಿದರೂ ಗೊತ್ತಾಗುವುದಿಲ್ಲ. "ಅಕ್ಕ, ಮನೇಲಿ ಉಪ್ಪು ಹಾಕೋಕೂ ಹತ್ತು ಎಣಿಸ್ತೀರಾ?" ಎಂದು ಕೇಂದ್ರದ ಡ್ರೈವರ್ ದಿನಾ ಕೆಣಕುತ್ತಿದ್ದ. "ನಿನ್ನ ಗಾಡಿ ಸ್ಟಾರ್ಟ್ ಆಗೋಕೆ ನೂರು ಎಣಿಸ್ತೀನಲ್ಲಪ್ಪಾ, ಅದು ಸಾಲ್ದಾ?" ಎಂದು ಇವರೂ ಬಿಡುತ್ತಿರಲಿಲ್ಲ.

ಹದಿನೇಳನೆಯ ಸಾಲು ಇವರ ಮನೆಯದು. ಅತ್ತೆ ಹಳೆಯ ಬಟ್ಟೆಯ ಗಂಟಿನಲ್ಲಿ ನಲವತ್ತು ವರ್ಷ ಕಾಪಾಡಿಕೊಂಡು ಬಂದ ಬೀಜ ಅದು. ಹಣ್ಣು ಚಿಕ್ಕದು, ತೊಟ್ಟಿನ ಹತ್ತಿರ ಬಿರಿಯುತ್ತದೆ, ನೋಡಿದರೆ ಯಾರೂ ಕೊಳ್ಳರು. ಬಾಯಿಗಿಟ್ಟವರು ಮಾತ್ರ ಇನ್ನೊಂದಕ್ಕೆ ಕೈ ಚಾಚುತ್ತಾರೆ. ನಾಲ್ಕು ವರ್ಷದ ಹಿಂದೆ ಪ್ರಯೋಗಾಲಯದ ಮೇಡಂ ಮನೆಗೇ ಬಂದು, "ಅಜ್ಜಿ, ಇದರ ರುಚಿ ಎಲ್ಲಿದೆ ಅಂತ ಯಂತ್ರದ ಹತ್ರ ಹೇಳಿಸ್ತೀನಿ. ಗೆದ್ದರೆ ಊರೂರಲ್ಲಿ ಬೆಳೀತಾರೆ. ಸೋತರೂ ನಿಮ್ಮ ಬೀಜ ನಿಮಗೆ ವಾಪಸ್" ಎಂದು ಕೇಳಿದರು. ಅತ್ತೆ ಗಂಟನ್ನೇ ಬಿಚ್ಚಿ ಕೊಟ್ಟರು. ಒಂದು ಕಾಳನ್ನೂ ಉಳಿಸಿಕೊಳ್ಳಲಿಲ್ಲ.

ಮೂರು ವರ್ಷ ಯಂತ್ರ ಓದಿತು. ಬಂದ ಫಲಿತಾಂಶ ವಿಚಿತ್ರವಾಗಿತ್ತು. ಇಪ್ಪತ್ತನಾಲ್ಕು ತಳಿಗಳೂ ಒಂದೇ ಸಮನೆ ನೊಂದ ಗಿಡಗಳಂತೆ ಕಂಡವು. ತಳಿತಳಿಯ ನಡುವಿನ ವ್ಯತ್ಯಾಸ ಆ ನೋವಿನಲ್ಲಿ ಮುಳುಗಿಹೋಗಿತ್ತು. ನೀರು ನೋಡಿದರು, ಮಣ್ಣು ನೋಡಿದರು, ಯಂತ್ರವನ್ನೇ ಬಿಚ್ಚಿ ನೋಡಿದರು. ಕಳೆದ ತಿಂಗಳು ಅಕ್ಕನಿಗೆ ಎರಡು ದಿನ ಜ್ವರ. ಡ್ರೈವರ್ ಒರಟೊರಟಾಗಿ ಎಲೆ ಕತ್ತರಿಸಿದ. ಆ ಎಲೆಗಳು ಮಾತ್ರ ಯಂತ್ರದಲ್ಲಿ ನೋವಿಲ್ಲದೆ ಶಾಂತವಾಗಿ ಕಂಡವು.

ಮೂರನೆಯ ದಿನ ಮೇಡಂ ನಸುಕಿಗೇ ಬಂದು ಬೇಲಿಯ ಬಳಿ ನಿಂತರು. ಅಕ್ಕ ಎಂದಿನಂತೆ ಕತ್ತರಿ ಹಿಡಿಯುವ ಮೊದಲು ಸಾಲುಸಾಲಾಗಿ ನಡೆದು ಪ್ರತಿ ಗಿಡದ ಮೈ ಸವರಿದರು. "ಏಳು ತಾಯಿ, ಒಂದು ಎಲೆ ತಗೋತೀನಿ, ಕೋಪ ಮಾಡ್ಕೋಬೇಡ." ಇನ್ನೂರನಲವತ್ತು ಗಿಡಗಳಿಗೂ ಹೀಗೆ ಹೇಳಿ ಮುಗಿಸುವಷ್ಟರಲ್ಲಿ ಅರ್ಧ ಗಂಟೆ. ಆಮೇಲೆ ಕತ್ತರಿ.

ಸವರಿದ ಕೈಯನ್ನು ಗಿಡ ಪೆಟ್ಟೆಂದು ತಿಳಿಯುತ್ತದೆ. ಅರ್ಧ ಗಂಟೆಯೊಳಗೆ ಮೈಯೆಲ್ಲ ನೋವಿನ ರಸ ಏರಿಸಿಕೊಳ್ಳುತ್ತದೆ. ಕೆಲಸ ಕಲಿಸಿದ ಪುಸ್ತಕದಲ್ಲಿ ಹತ್ತು ನಿಯಮಗಳಿದ್ದವು. ಮುಟ್ಟಬೇಡಿ ಎಂಬುದು ಇರಲಿಲ್ಲ. ಎಲೆ ಕತ್ತರಿಸಲು ಬಂದವರು ಗಿಡದ ಅಪ್ಪಣೆ ಕೇಳಿಯಾರೆಂದು ಬರೆದವರಿಗೆ ಹೊಳೆದಿರಲಿಲ್ಲ.

"ಮೇಡಂ ಬೈಲಿಲ್ಲ" ಎನ್ನುತ್ತಾರೆ ಅಕ್ಕ. "ಬೈದಿದ್ರೆ ಚೆನ್ನಾಗಿತ್ತು. 'ತಪ್ಪು ನನ್ನದು ಅಕ್ಕ, ನಾನು ಹೇಳ್ಬೇಕಿತ್ತು' ಅಂದ್ರು. ದೇವರಂಥ ಗಿಡ ಅಂತ ಮುಟ್ಟಿದೆ. ಅದು ಪ್ರತಿ ದಿನ ಅಳ್ತಿತ್ತಂತೆ. ಯಂತ್ರಕ್ಕೆ ಕೇಳಿಸ್ತು, ನನಗೆ ಕೇಳಿಸಲಿಲ್ಲ."

ಮತ್ತೆ ಮೊದಲಿನಿಂದ ಶುರುಮಾಡಲು ಮೇಲಿನವರು ಒಪ್ಪಲಿಲ್ಲ. ಯೋಜನೆ ಮುಚ್ಚಿತು. ಪ್ರಯೋಗದ ಹೊಲದಿಂದ ಕಾಳು, ಕಡ್ಡಿ ಏನೂ ಹೊರಗೆ ಹೋಗಕೂಡದೆಂಬ ನಿಯಮ ಮಾತ್ರ ಉಳಿದಿದೆ. ಮನೆಯಲ್ಲಿ ಹಾಸಿಗೆ ಹಿಡಿದಿರುವ ಅತ್ತೆ ದಿನಾ ಒಂದೇ ಪ್ರಶ್ನೆ ಕೇಳುತ್ತಾರೆ: "ನನ್ನ ಬೀಜ ಗೆದ್ದಿತೇನೇ?" ಸೊಸೆ ಇನ್ನೂ ಉತ್ತರ ಕೊಟ್ಟಿಲ್ಲ. "ಸೋತಿದ್ರೆ ಸೋತಿತು ಅಂತಿದ್ದೆ. ಅದು ಸೋಲಲೂ ಇಲ್ಲ. ಅದರ ಮಾತನ್ನ ಯಾರೂ ಕೇಳಲೇ ಇಲ್ಲ, ನನ್ನ ಕೈ ಅಡ್ಡ ಬಂತು."

ಟ್ರ್ಯಾಕ್ಟರ್ ಬಂದಿದೆ. ಡ್ರೈವರ್ ಇಂದು ಕೆಣಕುವುದಿಲ್ಲ. ಹದಿನೇಳನೆಯ ಸಾಲನ್ನು ಕೊನೆಗೆ ಬಿಟ್ಟು ಉಳಿದವನ್ನು ಮೊದಲು ಕೀಳುತ್ತಾನೆ. ಅದರ ಸರದಿ ಬಂದಾಗ ಅಕ್ಕನ ಕೈ ತಾನಾಗಿ ಮುಂದೆ ಹೋಗುತ್ತದೆ, ಎಲೆಗೆ ಒಂದು ಗೇಣು ದೂರದಲ್ಲಿ ನಿಲ್ಲುತ್ತದೆ, ಹಿಂದೆ ಬರುತ್ತದೆ. ಒಂಬತ್ತೂವರೆಗೆ ಹೊಲ ಬರಿದು.

ಬೆಂಕಿಯ ಹೊಗೆ ಮೇಲೇಳುವಾಗ ಮೇಡಂ ಬಂದು ಪಕ್ಕದಲ್ಲಿ ನಿಲ್ಲುತ್ತಾರೆ. ಆಚೀಚೆ ನೋಡುವುದಿಲ್ಲ. ಕೋಟಿನ ಜೇಬಿನಿಂದ ಒಂದು ಹಳೆಯ ಬಟ್ಟೆಯ ಗಂಟನ್ನು ತೆಗೆಯುತ್ತಾರೆ. ನಾಲ್ಕು ವರ್ಷದ ಹಿಂದೆ ಅತ್ತೆ ಬಿಚ್ಚಿ ಕೊಟ್ಟ ಅದೇ ಬಟ್ಟೆ, ಒಳಗೆ ಅದೇ ಬೀಜ.

"ಮನೇಲಿ ನೆಟ್ಟರೆ... ಮುಟ್ಟಬಹುದಾ, ಮೇಡಂ?"

ಮೇಡಂ ಅಕ್ಕನ ಬೆನ್ನ ಹಿಂದೆ ಕಟ್ಟಿದ್ದ ಆ ಕೈಯನ್ನು ತಾವೇ ಮುಂದಕ್ಕೆ ತಂದು, ಮರಗಟ್ಟಿದ ಬೆರಳುಗಳನ್ನು ಬಿಡಿಸಿ, ಗಂಟನ್ನು ಅಂಗೈಯಲ್ಲಿಟ್ಟು ಮಡಿಸುತ್ತಾರೆ.