ಬೀಡಿ ಶೆಡ್ಡಿಗೆ ಓದಿ ಹೇಳಿದ ಅಕ್ಕ

ವರ್ಕಾಡಿಯ ಶೆಡ್ಡಿನಲ್ಲಿ ನಾವು ಬೀಡಿ ಕಟ್ಟುವಾಗ ಅಕ್ಕ ಕಾದಂಬರಿ ಓದಿ ಹೇಳುತ್ತಿದ್ದರು. ಅವರ ಪಾಲಿನ ಬೀಡಿಯನ್ನು ನಾವೇ ಹಂಚಿಕೊಂಡು ಕಟ್ಟುತ್ತಿದ್ದೆವು. ಅಕ್ಕನ ಕನ್ನಡಕ ಮೂಗಿನ ತುದಿಗೆ ಜಾರಿರುತ್ತಿತ್ತು. ಕಥೆಯ ಬಗ್ಗೆ ಯಾರು ತಕರಾರು ತೆಗೆದರೂ ಅವರದು ಒಂದೇ ಉತ್ತರ: “ನಾನು ಓದುವವಳು ಮಾತ್ರ.”

ಆ ಸಲದ ಕಾದಂಬರಿಯಲ್ಲಿ ಒಬ್ಬ ತನ್ನ ಕನಸಿನ ಬೆನ್ನು ಹತ್ತಿ, ಮನೆಮಂದಿಯನ್ನು ಬಿಟ್ಟು ದೋಣಿ ಏರುತ್ತಾನೆ. ಶೆಡ್ಡು ಎರಡು ಪಕ್ಷವಾಯಿತು.

“ಹೋಗಲಿ, ಬದುಕುವುದಾದ್ರೆ ಹಾಗೆ ಬದುಕಬೇಕು!”

“ಅವನ ಹೆಂಡತಿಗೆ ಕನಸು ಬೀಳುವುದಿಲ್ವಾ ಮಾರಾಯ್ತಿ?”

ಜಗಳದಲ್ಲಿ ಎಲ್ಲರ ಕೈಯೂ ನಿಂತಿತು. ಮೇಸ್ತ್ರಿ ಬಂದು, “ಕೆಲಸ ನಿಲ್ಲುವುದಾದ್ರೆ ಇನ್ನು ಓದುವುದೇ ಬೇಡ. ಪುಸ್ತಕ ಮುಚ್ಚಿ” ಎಂದರು.

ಅಕ್ಕ ಮುಚ್ಚಲಿಲ್ಲ. “ಅಷ್ಟರಲ್ಲಿ ಹೆಂಡತಿಯೂ ಮಕ್ಕಳ ಕೈ ಹಿಡಿದು ಓಡಿಬಂದು ದೋಣಿಗೆ ಹಾರಿದಳು” ಎಂದು ಗಟ್ಟಿಯಾಗಿ ಓದಿದರು. ಪಕ್ಕದಲ್ಲಿದ್ದ ನಾನು ಪುಟ ನೋಡಿದೆ. ಅಲ್ಲಿ ದೋಣಿಯಲ್ಲಿ ಅವನೊಬ್ಬನೇ ಇದ್ದ. ಎರಡೂ ಪಕ್ಷದವರು ನಗುತ್ತ ಮತ್ತೆ ಎಲೆ ಸುತ್ತತೊಡಗಿದರು.

“ಮನೆಯ ಕೋಳಿಗಳಿಗೆ ಅಕ್ಕಿ ಹಾಕುವುದು ಯಾರು?” ಮೂಲೆಯಿಂದ ಒಬ್ಬ ಅಜ್ಜಿ ಕೇಳಿದರು.

ಅಕ್ಕ ತಲೆಯೆತ್ತದೆ ಪುಟ ತಿರುಗಿಸಿ, ಕೋಳಿಗಳನ್ನೂ ಹತ್ತಿಸಿದರು.

ಮೇಸ್ತ್ರಿ ಎಲೆಯ ಗೋಣಿಯ ಮೇಲೆ ಕೂತರು. “ಅಷ್ಟು ಜನ ಹತ್ತಿದ್ರೆ ದೋಣಿ ಮುಳುಗುವುದಿಲ್ವಾ ಅಕ್ಕ?”