ಅಕ್ಕನ ನೀರಡಿಕೆ

ಅಕ್ಕನ ಅತ್ತೆಯನ್ನು ನಾನು ಕ್ಷಮಿಸಿಲ್ಲ. ಕ್ಷಮಿಸುವುದೂ ಇಲ್ಲ. ವಯಸ್ಸಾದವಳು, ತಿಳಿಯದೆ ಮಾಡಿದಳು ಎನ್ನುವವರಿಗೆ ನನ್ನ ಮನೆಯಲ್ಲಿ ಚಹಾ ಕೂಡ ಸಿಗುವುದಿಲ್ಲ.

ಎಪ್ಪತ್ತರ ದಶಕ, ಘಾಟ್ಕೋಪರ್‌ನ ಸಾಲುಕೋಣೆಗಳ ಚಾಳ್. ನಳಕ್ಕೆ ನೀರು ಬರುತ್ತಿದ್ದುದು ನಸುಕಿನಲ್ಲಿ ಮಾತ್ರ. ಸಂಡಾಸ ಗ್ಯಾಲರಿಯ ಆ ತುದಿಗೆ, ಎಲ್ಲ ಮನೆಗಳಿಗೂ ಸೇರಿ ಒಂದೇ. ಅಕ್ಕನಿಗೆ ಅಂಡಾಶಯದ ಕ್ಯಾನ್ಸರ್. ಆಪರೇಷನ್ ಆಗಿ ಕೆಲವು ತಿಂಗಳು ಚೆನ್ನಾಗಿದ್ದವಳಿಗೆ ಆಮೇಲೆ ಎಂಥದೋ ನೀರಡಿಕೆ ಹತ್ತಿತು. ತಂಬಿಗೆಗಟ್ಟಲೆ ಕುಡಿಯುವಳು, ಮತ್ತೆ ಮತ್ತೆ ಸಂಡಾಸಕ್ಕೆ ಓಡುವಳು, ದಾರಿಯಲ್ಲೇ ಸೀರೆ ಒದ್ದೆಯಾಗುವುದು. ಗ್ಯಾಲರಿಯ ಹೆಂಗಸರು ಮೂಗು ಮುಚ್ಚಿಕೊಂಡರಂತೆ. ಅತ್ತೆಗೆ ಅದೇ ದೊಡ್ಡದಾಯಿತು.

"ಕುಡಿದರ ತಾನ ಹೋಗೂದು?" ಎಂದು ಕೊಡಗಳನ್ನೆಲ್ಲ ಅಟ್ಟಕ್ಕೇರಿಸಿದಳು ಮಹಾತಾಯಿ! ಊಟದ ಜೊತೆ ಒಂದು ಲೋಟ, ಅಷ್ಟೇ. ಭಾವನೋ, ಮಿಲ್ಲಿನಿಂದ ಬಂದು, ಅವ್ವ ಹೇಳಿದ್ದೇ ಸರಿ ಎಂದು ಮಲಗುವ ಗಂಡಸು. ನಾನು ಮಲಾಡ್‌ನಿಂದ ಭಾನುವಾರ ಹೋದಾಗ ಅಕ್ಕನ ನಾಲಿಗೆ ಕಟ್ಟಿಗೆಯಾಗಿತ್ತು. ನನ್ನನ್ನೇ ಅವ್ವಾ ಎಂದು ಕರೆದಳು. "ತಲಿ ಕೆಟ್ಟೈತಿ ಇಕೀದು," ಎಂದಳು ಅತ್ತೆ. ಟ್ಯಾಕ್ಸಿ ತರಿಸಿ ಅಕ್ಕನನ್ನು ಆಸ್ಪತ್ರೆಗೆ ಹಾಕಿದೆ.

ರಕ್ತ ಪರೀಕ್ಷಿಸಿದ ಡಾಕ್ಟರ್ ಬಿಡಿಸಿ ಹೇಳಿದರು: ಈ ಕ್ಯಾನ್ಸರ್‌ನಿಂದ ಕೆಲವೊಮ್ಮೆ ರಕ್ತದಲ್ಲಿ ಕ್ಯಾಲ್ಸಿಯಂ ವಿಪರೀತ ಏರುತ್ತದೆ, ಮೂತ್ರ ಹೆಚ್ಚಾಗುತ್ತದೆ, ಮೈ ಒಣಗುತ್ತದೆ, ಬುದ್ಧಿ ಮಂಕಾಗುತ್ತದೆ. ನೀರೇ ಮೊದಲ ಔಷಧಿ. "ನೀರು ನಿಲ್ಲಿಸಿದ್ದು ಯಾರು?" ಎಂದು ಕೇಳಿದರು. ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಅತ್ತೆಯತ್ತ ಬೆರಳು ತೋರಿಸಿದೆ, ವಾರ್ಡಿನವರೆಲ್ಲ ತಿರುಗಿ ನೋಡುವ ಹಾಗೆ.

ಸಲೈನ್ ಏರಿಸಿದ ಮೇಲೆ ಅಕ್ಕನಿಗೆ ಎಚ್ಚರ ಬಂತು. ನನ್ನ ಗುರುತು ಹಿಡಿದಳು. "ಅಟ್ಟದ ಮ್ಯಾಲಿನ ಕೊಡ ನೋಡಕೋತ ಮಲಗಿರತಿದ್ದೆ," ಎಂದಳು. ಅಯ್ಯೋ ನನ್ನ ಅಕ್ಕಾ! ಆದರೆ ಕ್ಯಾಲ್ಸಿಯಂ ಮತ್ತೆ ಏರಿತು, ಕಿಡ್ನಿ ಕೈಕೊಟ್ಟಿತು. ಇನ್ನು ಉಳಿಯುವುದಿಲ್ಲ ಎಂದರು ಡಾಕ್ಟರ್.

ಆಗ ಬಂದಳು ಅತ್ತೆ, ದೇವರ ಗೂಡಿನಲ್ಲಿ ವರ್ಷಗಟ್ಟಲೆ ಕಾದಿಟ್ಟಿದ್ದ ಗಂಗಾಜಲದ ಗಿಂಡಿ ಹಿಡಿದು. ಸಾಯುವವರ ಬಾಯಿಗೆ ಮನೆಯ ಹಿರಿಯರು ಗಂಗೆ ಬಿಡಬೇಕಲ್ಲ! ಬೀಗರು, ಚಾಳಿನ ಹೆಂಗಸರು ಎಲ್ಲ ಹಿಂದೆ ನಿಂತಿದ್ದರು. ನಾನು ಅವಳ ಕೈ ಹಿಡಿದೆ.

"ಬಿಡವ್ವಾ, ಕಡೀ ನೀರು. ಹಾಕದಿದ್ರ ನನಗ ಪಾಪ ಹತ್ತತೈತಿ," ಎಂದು ಅತ್ತಳು.

"ಹತ್ತಲಿ," ಎಂದೆ. "ಅದಕ್ಕ ಹಿಡದೀನಿ ನಿಮ್ಮ ಕೈ."

ವಾರ್ಡಿನ ನಳದ ನೀರು ತಂದು ಅಕ್ಕನ ತುಟಿಗೆ ನಾನೇ ಹನಿಸಿದೆ. ಅತ್ತೆ ಗಿಂಡಿಯನ್ನು ತುಂಬಿದ್ದು ತುಂಬಿದಂತೆಯೇ ಮನೆಗೆ ಒಯ್ದಳು.