ನನ್ನ ಕಾಲಿನ ಹೆಸರಿನಲ್ಲಿ ನಡೆದವರು

ದಾನಕ್ಕಾಗಿ ನಡೆಯುವವರನ್ನು ಕಂಡರೆ ಇಂದಿಗೂ ನನಗೆ ಮೈ ಉರಿಯುತ್ತದೆ. ಎಪ್ಪತ್ತರ ದಶಕದ ಕೊನೆಗೆ ಇಳಕಲ್ಲಿನ ದೊಡ್ಡ ಮನುಷ್ಯರು ಬಾದಾಮಿಯವರೆಗೆ ನಡೆದರು. ನಡೆದ ಒಂದೊಂದು ಮೈಲಿಗೂ ಇಷ್ಟು ಎಂದು ಅಂಗಡಿಕಾರರು ಹಣ ಕೊಡುವುದು, ಅದರಲ್ಲಿ ನನ್ನ ಪೋಲಿಯೋ ಕಾಲಿಗೆ ಕಬ್ಬಿಣದ ಪಟ್ಟಿಯ ಬೂಟು ಮಾಡಿಸುವುದು ಎಂದು ಮಾತಾಗಿತ್ತು. ಅವ್ವ ದಿನಾ ಮಗ್ಗ ಬಿಟ್ಟೆದ್ದು ನನ್ನನ್ನು ಬೆನ್ನ ಮೇಲೆ ಶಾಲೆಗೆ ಹೊತ್ತೊಯ್ಯುತ್ತಿದ್ದಳು, ನಾನೋ ಬೆಳೆದುಬಿಟ್ಟಿದ್ದೆ. ಬೂಟು ಬಾರದಿದ್ದರೆ ನನ್ನ ಓದು ಅಲ್ಲಿಗೇ ಮುಗಿಯುತ್ತಿತ್ತು.

ಅದಕ್ಕೇ ಅವರ ಎತ್ತಿನ ಚಕ್ಕಡಿ ಹತ್ತಿದೆ. ನಡೆಯುವವರ ಮುಂದೆ ನನ್ನನ್ನು ಕೂರಿಸಿ, ಕಾಲು ಕಾಣಲೆಂದು ಲಂಗವನ್ನು ಮೊಣಕಾಲಿನ ಮೇಲಕ್ಕೆ ಸರಿಸಿದರು. ಹನ್ನೆರಡು ವರ್ಷದ ಹುಡುಗಿ ನಾನು. ಎಳೆದು ಮುಚ್ಚಿಕೊಂಡಾಗಲೆಲ್ಲ, ನಡಿಗೆ ಏರ್ಪಡಿಸಿದ್ದ ಸಂಘದ ಅಧ್ಯಕ್ಷರು ಗದರುತ್ತಿದ್ದರು: "ಮುಚ್ಚಬ್ಯಾಡ, ಮಂದಿ ನೋಡ್ಲಿ." ಹಾಗೆ ಗದರಲು ಅವರು ಜೀಪಿನಿಂದ ಇಳಿಯಬೇಕಾಗುತ್ತಿತ್ತು. ಊರು ಬಂದರೆ ಇಳಿಯುವುದು, ದಾಟಿದೊಡನೆ ಹತ್ತುವುದು, ಅದು ಅವರ ನಡಿಗೆ. ಚಕ್ಕಡಿಯ ಪಕ್ಕದಲ್ಲಿ ಅವ್ವ ಮಾತ್ರ ಪೂರ್ತಿ ನಡೆದಳು.

ದಾರಿಯಲ್ಲಿ ಗುಡೂರಿನವರು ನಮ್ಮನ್ನು ಬಾದಾಮಿಯ ಬನಶಂಕರಿ ಗುಡಿಗೆ ಹೊರಟ ಭಕ್ತರೆಂದು ತಿಳಿದರು. ಹೆಂಗಸರು ಕೊಡ ತಂದು ಒಬ್ಬೊಬ್ಬರ ಕಾಲಿಗೂ ನೀರು ಹಾಕಿ ನಮಸ್ಕರಿಸತೊಡಗಿದರು. ಅಲ್ಲ ಎಂದು ಯಾರೂ ಹೇಳಲಿಲ್ಲ. ಅಧ್ಯಕ್ಷರಂತೂ ಚಪ್ಪಲಿ ಕಳಚಿ ಎಲ್ಲರಿಗಿಂತ ಮುಂದೆ ಕಾಲು ಚಾಚಿದರು. ಸೊಂಟ ಹಿಡಿದುಕೊಂಡು ಮುದುಕಿಯೊಬ್ಬಳು ಅವರ ಮುಂದೆ ಬಗ್ಗಿದಳು.

"ಆಯಿ, ಅವರ ಕಾಲಿಗೆ ಬೀಳಬ್ಯಾಡ! ಅವರು ಜೀಪಿನ್ಯಾಗ ಬಂದಾರ" ಎಂದು ಕೂಗಿದೆ.

ಮುದುಕಿ ಧೂಳೇ ಹತ್ತದ ಆ ಕಾಲುಗಳನ್ನು ನೋಡಿದಳು. ಕೊಡ ಎತ್ತಿಕೊಂಡು ಪಕ್ಕದವನ ಬಳಿ ಹೋದಳು.

"ನಿನಗ ಬೂಟ ಬ್ಯಾಡೇನು?" ಎಂದರು ಅಧ್ಯಕ್ಷರು, ಹಲ್ಲು ಕಡಿಯುತ್ತ.

ಬೇಕಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವ್ವ, "ತಪ್ಪಾತ್ರಿ, ಸಣ್ಣಾಕಿ ಅದಾಳ" ಎಂದು ಅವರ ಕಾಲಿಗೆ ಬಿದ್ದಳು. ಅವರು ಎಬ್ಬಿಸಲಿಲ್ಲ. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಬೂಟು ಬಂತು. ಹಣ ಸೇರಿದ್ದು ಊರಿಗೆಲ್ಲ ಗೊತ್ತಿತ್ತು, ಕೊಡದೆ ದಾರಿಯಿರಲಿಲ್ಲ. ಬಾಗಲಕೋಟೆಯ ದವಾಖಾನೆಯಲ್ಲಿ ಗೋಡೆ ಹಿಡಿದು ನಡೆಯುವುದನ್ನೂ ಕಲಿತೆ. ಆಮೇಲೆ ಇಳಕಲ್ಲಿನಲ್ಲಿ ಸಭೆ ಸೇರಿಸಿ, ತಾವು ಹಾರ ಹಾಕಿಸಿಕೊಂಡು, ಅಧ್ಯಕ್ಷರು ನನಗೆ ಹೇಳಿದರು: "ಏಳು, ನಡದು ತೋರಸು."

ನಾನು ಏಳಲಿಲ್ಲ. ಅವ್ವ ಕಣ್ಣಲ್ಲೇ ಗದರಿದಳು, ಆದರೂ ಏಳಲಿಲ್ಲ. ಕಾದು ಕಾದು ಜನ ಹೋದರು, ಫೋಟೋದವನೂ ಹೋದ. ಕುರ್ಚಿಗಳನ್ನು ಒಯ್ಯುವ ಹೊತ್ತಿಗೆ ಅವ್ವ ಎಂದಿನಂತೆ ನನ್ನ ಮುಂದೆ ಬೆನ್ನು ಬಗ್ಗಿಸಿ ನಿಂತಳು.

"ಬಾಜೂಕ ಸರಿಯವ್ವಾ" ಎಂದೆ. ಅವಳನ್ನು ದಾಟಿ ಮನೆಯತ್ತ ನಡೆದೆ.